ಬೂಷ್ಟಿನ ಪರೀಕ್ಷೆ

ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಬೂಷ್ಟಿನ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ. ಪುಸ್ತಕದ ರಟ್ಟು, ಚರ್ಮದ ಚೀಲ, ಗೂಟಕ್ಕೆ ತೂಗುಹಾಕಿದ ಕೋಟು, ಯಾವುದನ್ನೂ ಅದು ಬಿಡುವುದಿಲ್ಲ. ತೀರ್ಥಹಳ್ಳಿಯ ಸಮೀಪದ ನಮ್ಮ ಮನೆಯ ಹೆಬ್ಬಾಗಿಲು ಹಲಸಿನ ಮರದ್ದು. ತಂದೆಯವರು ಎದುರಿಗೇ ಕುಳಿತು ಮಾಡಿಸಿದ್ದು. ನಿವೃತ್ತನಾಗಿ ಊರಿಗೆ ಮರಳಿದ ವರ್ಷ ಅದಕ್ಕೆ ಅಕ್ಕರೆಯಿಂದ ಎರಡು ಸಲ ಅಗಸೆ ಎಣ್ಣೆ ಬಳಿದೆ. ಶ್ರಾವಣ ಬರುವ ಹೊತ್ತಿಗೆ ಬಾಗಿಲ ತುಂಬ ಕರಿಯ ಚುಕ್ಕೆಗಳು!

ಬಣ್ಣದ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿರುವ ನನ್ನ ಸೋದರಳಿಯ ಅದನ್ನು ನೋಡಿ ನಕ್ಕ. “ಮಾವ, ನೀವು ಬೂಷ್ಟಿಗೆ ಊಟ ಬಡಿಸಿದ್ದೀರಿ” ಎಂದ. ಅಗಸೆ ಎಣ್ಣೆ ಮರವನ್ನು ನೀರಿನಿಂದ ತಕ್ಕಮಟ್ಟಿಗೆ ಕಾಯುತ್ತದೆ, ನಿಜ. ಆದರೆ ಅದರ ಕೊಬ್ಬಿನ ಅಂಶವೇ ಬೂಷ್ಟಿಗೆ ಆಹಾರ. ಆದ್ದರಿಂದಲೇ ಲೇಪಗಳಿಗೆ ನಿರೋಧಕ ವಸ್ತುಗಳನ್ನು ಬೆರೆಸುತ್ತಾರೆ. ಹಿಂದೆ ಪಾದರಸದ ಸಂಯುಕ್ತಗಳನ್ನೂ ಬೆರೆಸುತ್ತಿದ್ದರು. ಮನೆಯೊಳಗಿನ ಬಣ್ಣಗಳಲ್ಲಿ ಅವುಗಳ ಬಳಕೆಯನ್ನು ಅಮೆರಿಕವು 1990ರಲ್ಲಿ ನಿಲ್ಲಿಸಿತು. ಬೂಷ್ಟನ್ನು ಕೊಲ್ಲಹೊರಟದ್ದು ಮನೆಯವರನ್ನು ಬಾಧಿಸಬಾರದಷ್ಟೆ?

ಪರೀಕ್ಷೆಯ ಕ್ರಮವನ್ನೂ ಅವನು ವಿವರಿಸಿದ. ಲೇಪ ಹಚ್ಚಿದ ಹಲಗೆಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ತೂಗುಹಾಕುತ್ತಾರೆ. ಕೆಳಗೆ ಬೂಷ್ಟಿನ ಬೀಜಕಣಗಳನ್ನು ಬಿತ್ತಿದ ತೇವದ ಮಣ್ಣು. ಉಷ್ಣತೆ ಸುಮಾರು 32 ಡಿಗ್ರಿ ಸೆಲ್ಸಿಯಸ್. ಗಾಳಿಯ ಆರ್ದ್ರತೆ ಶೇಕಡ 95ಕ್ಕೂ ಮೇಲು. ನಾಲ್ಕು ವಾರಗಳ ಬಳಿಕ ಅಂಕ ಕೊಡುತ್ತಾರೆ: ಬೂಷ್ಟೇ ಇಲ್ಲದ ಹಲಗೆಗೆ 10, ಪೂರ್ತಿ ಮುಸುಕಿದ್ದಕ್ಕೆ ಸೊನ್ನೆ. ಮೂವತ್ತು ವರ್ಷ ಅಂಕ ಕೊಟ್ಟವನಿಗೆ ಈ ಮಾತು ಹಿತವೆನಿಸಿತು.

ಮರುವರ್ಷ ನಾನೂ ಎರಡು ಹಲಸಿನ ತುಂಡುಗಳನ್ನು ಜಗಲಿಯ ಸೂರಿನಡಿ ತೂಗುಹಾಕಿದೆ. ಒಂದಕ್ಕೆ ಅಗಸೆ ಎಣ್ಣೆ. ಇನ್ನೊಂದಕ್ಕೆ ಅಳಿಯ ತಂದುಕೊಟ್ಟ, ನಿರೋಧಕ ಬೆರೆತ ವಾರ್ನಿಷು. ಎರಡನೆಯದು ಮಳೆಗಾಲವಿಡೀ ಶುಭ್ರವಾಗಿಯೇ ಉಳಿಯಿತು. ಗೆದ್ದೆನೆಂದು ಕಾಗದ ಬರೆದೆ. ಅವನ ಉತ್ತರದಲ್ಲಿದ್ದುದು ಒಂದೇ ಪ್ರಶ್ನೆ: “ನಿರೋಧಕವಿಲ್ಲದ ಅದೇ ವಾರ್ನಿಷನ್ನು ಬಳಿದ ತುಂಡು ಎಲ್ಲಿ, ಮಾವ?” ಅದಿಲ್ಲದೆ, ಬೂಷ್ಟನ್ನು ತಡೆದದ್ದು ನಿರೋಧಕವೋ ವಾರ್ನಿಷೋ ಹೇಳುವುದೆಂತು? ಮಕ್ಕಳ ಉತ್ತರಪತ್ರಿಕೆಗಳಲ್ಲಿ ಇಂಥ ಅವಸರದ ತೀರ್ಮಾನಗಳಿಗೆ ಕೆಂಪು ಗೆರೆ ಎಳೆದವನು ನಾನು!

ಮುಂದಿನ ವರ್ಷ ಆ ತುಂಡನ್ನೂ ಸೇರಿಸಿದೆ. ಭಾದ್ರಪದದ ಹೊತ್ತಿಗೆ ಅದರ ಮೇಲೆ ಚುಕ್ಕೆಗಳು ಮೂಡಿದವು. ನಿರೋಧಕವಿದ್ದುದರ ಮೇಲೆ ಮೂಡಲಿಲ್ಲ. ಆದರೆ ಇವೆಲ್ಲ ಸೂರಿನಡಿಯವು. ನಮ್ಮ ಹೆಬ್ಬಾಗಿಲು ಪಡುವಣಕ್ಕಿದೆ. ಮಳೆಯ ಎರಚಲೆಲ್ಲ ಅದರ ಮೇಲೆಯೇ. ನೀರು ತೊಳೆದಂತೆಲ್ಲ ನಿರೋಧಕ ವಸ್ತು ಲೇಪದಿಂದ ಮೆಲ್ಲಮೆಲ್ಲನೆ ಕರಗಿಹೋಗುವುದುಂಟು. ಅದಕ್ಕೆಂದೇ ಈ ಆಷಾಢದಲ್ಲಿ ಅದೇ ಲೇಪದ ಮತ್ತೊಂದು ತುಂಡನ್ನು ಅಂಗಳದ ಬೇಲಿಗೆ, ಬಯಲು ಮಳೆಗೆ ಕಟ್ಟಿದ್ದೇನೆ. ತಂದೆಯವರ ಬಾಗಿಲಿಗೆ ಇನ್ನೂ ಏನನ್ನೂ ಬಳಿದಿಲ್ಲ. ಬಿಸಿಲು ಬಿದ್ದ ದಿನ ಒದ್ದೆಬಟ್ಟೆಯಿಂದ ಒರೆಸಿ, ಗಾಳಿಗೆ ತೆರೆದಿಡುತ್ತೇನೆ.