ಅರ್ಧ ಟ್ಯಾಂಕ್ ನೀರು

ಊರಿಗೆ ಹೊರಡುವ ಹಿಂದಿನ ರಾತ್ರಿಯಿಂದಲೇ ಆಕೆ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಿದ್ದರು. ಹೈದರಾಬಾದಿನಿಂದ ರಾಯಚೂರಿನ ತವರಿಗೆ ಬಸ್ಸಿನಲ್ಲಿ ಸುಮಾರು ಐದು ತಾಸು. ಮಹಬೂಬ್‌ನಗರದಲ್ಲಿ ಬಸ್ಸು ನಿಲ್ಲುತ್ತದೆ, ಗಂಡಸರು ಇಳಿದು ಗೋಡೆ ಹುಡುಕುತ್ತಾರೆ. ಹೆಂಗಸರು ನಿಲ್ದಾಣದ ಶೌಚಾಲಯದ ಬಾಗಿಲವರೆಗೆ ಹೋಗಿ, ಮೂಗು ಮುಚ್ಚಿಕೊಂಡು ಮರಳಿ ಬಂದು ಸೀಟಿನಲ್ಲಿ ಕೂರುತ್ತಾರೆ. ಮೂವತ್ತು ವರ್ಷ ಹೀಗೆ ಓಡಾಡಿದ ಮೇಲೆ ಮೂತ್ರಪಿಂಡದಲ್ಲಿ ಕಲ್ಲು ಕಾಣಿಸಿಕೊಂಡಿತು. ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ ಎಂದು ಡಾಕ್ಟರು ಹೇಳಿದರು. ಮನೆಯಲ್ಲಿ ಕುಡಿಯುವುದು ಕಷ್ಟವಾಗಲಿಲ್ಲ. ಆದರೆ ಆಕೆ ಪ್ರಯಾಣವನ್ನೇ ಬಿಟ್ಟರು. ತಂಗಿಯ ಮಗಳ ಮದುವೆಗೂ ಹೋಗಲಿಲ್ಲ.

ಮಾಸ್ತರರು ಹಳೆಯ ಟ್ರಾವೆಲರ್ ಗಾಡಿಯೊಂದನ್ನು ಕೊಂಡದ್ದು ಇದಕ್ಕಾಗಿ. ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಕಲಿಸಿ ನಿವೃತ್ತರಾದವರು. ಕೈಗೆ ಕೆಲಸ ಬೇಕಾಗಿತ್ತು ಎನ್ನುವುದೂ ನಿಜ. ಅಪಾರ್ಟ್‌ಮೆಂಟಿನವರು ಲಡಾಖಿಗೆ ಯಾವಾಗ ಹೊರಡುತ್ತೀರಿ ಎಂದು ಕೇಳಿದರೆ, "ನಮಗ ಲಡಾಖ್ ಬ್ಯಾಡ್ರಿ, ಬದಾಮಿ ಮುಟ್ಟಿದ್ರ ಸಾಕು" ಎನ್ನುತ್ತಿದ್ದರು. ಹಿಂದಿನ ಸೀಟುಗಳನ್ನು ತೆಗೆಸಿ ಒಂದು ಮಂಚ, ಒಂದು ಕಟ್ಟೆ, ಬಾಗಿಲಿರುವ ಪುಟ್ಟ ಶೌಚಾಲಯ ಮಾಡಿಸಿದರು. ಅಷ್ಟಕ್ಕೆ ಒಂದು ತಿಂಗಳು ಸಾಕಾಯಿತು. ನೀರಿಗೆ ಮಾತ್ರ ನಾಲ್ಕು ತಿಂಗಳು ಹಿಡಿಯಿತು.

ಮನೆಯ ನೀರು ಒಂದೆಡೆ ಕೂತಿರುತ್ತದೆ. ಗಾಡಿಯ ನೀರು ಕೂರುವುದಿಲ್ಲ. ಒಂದು ಲೀಟರಿಗೆ ಒಂದು ಕಿಲೋ ತೂಕ, 120 ಲೀಟರ್ ಎಂದರೆ ಇಬ್ಬರು ದೊಡ್ಡವರು ಹೆಚ್ಚಾಗಿ ಕೂತಂತೆ. ಆ ಇಬ್ಬರೂ ಬ್ರೇಕು ಹಾಕಿದಾಗ ಮುಂದಕ್ಕೆ ಧುಮುಕುವವರು, ತಿರುವಿನಲ್ಲಿ ಪಕ್ಕಕ್ಕೆ ಸರಿಯುವವರು. ಆದ್ದರಿಂದ ಟ್ಯಾಂಕು ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಇರಬೇಕು. ಮೀಟರ್ ಉದ್ದ, 40 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯ ಚಿತ್ರ ಬರೆದುಕೊಂಡು ಮಾಸ್ತರರು ಬಾಲಾನಗರಕ್ಕೆ ಹೋದರು. 304 ದರ್ಜೆಯ ಸ್ಟೀಲಿನ ಹಾಳೆಯಲ್ಲಿ, ಆರ್ಗಾನ್ ವೆಲ್ಡಿಂಗಿನಲ್ಲಿ ಅದು ತಯಾರಾಯಿತು. ಒಳಗೆ ಅಡ್ಡಲಾಗಿ ಎರಡು ತೂತಿನ ತಟ್ಟೆಗಳು. ತೂತಿನಲ್ಲಿ ನುಸುಳಿ ಹೋಗಬೇಕಾದ್ದರಿಂದ ನೀರಿನ ಅಲೆ ಸೊಕ್ಕು ಕಳೆದುಕೊಳ್ಳುತ್ತದೆ. ತುಂಬಿದ ಟ್ಯಾಂಕಿಗಿಂತ ಅರ್ಧ ಟ್ಯಾಂಕಿನ ನೀರೇ ಹೆಚ್ಚು ಕುಣಿಯುವುದು. ತುಂಬಿದ ಕೊಡದ ಗಾದೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟ್ಯಾಂಕ್ ಎಂಬ ಪದವನ್ನು ಹೈದರಾಬಾದಿನಲ್ಲಿ ಸುಮ್ಮನೆ ದಾಟಿ ಹೋಗಲಾಗುವುದಿಲ್ಲ. ಇಲ್ಲಿಯ ಟ್ಯಾಂಕ್‌ಬಂಡ್ ಎಂದರೆ ಹುಸೇನ್ ಸಾಗರದ ಏರಿ. ಕೆರೆಯನ್ನು ಟ್ಯಾಂಕ್ ಎಂದು ಕರೆದ ಇಂಗ್ಲಿಷಿನವರಿಗೆ ಆ ಪದ ದಕ್ಕಿದ್ದೇ ಪಶ್ಚಿಮ ಭಾರತದ ಮಾತುಗಳಿಂದ ಎನ್ನುವ ವಾದವೊಂದಿದೆ, ಗುಜರಾತಿಯ ಟಾಂಕಾ ಅದಕ್ಕೆ ಸಾಕ್ಷಿ. ಕೆರೆ ಹಂಡೆಯಾಯಿತು, ಹಂಡೆ ಮಹಡಿ ಏರಿತು, ಈಗ ಬಾಲಾನಗರದಿಂದ ಹೊರಟು ಗಾಡಿಯ ಹೊಟ್ಟೆ ಸೇರಿತು. 1908ರ ಮೂಸಿ ಪ್ರವಾಹದ ನಂತರ ನಿಜಾಮರು ಕರೆಸಿಕೊಂಡ ವಿಶ್ವೇಶ್ವರಯ್ಯನವರು ನೀರನ್ನು ಊರ ಮೇಲೆಯೇ ತಡೆದು ನಿಲ್ಲಿಸಬೇಕೆಂದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಗಾಡಿಯೊಳಗಿನ ತೂತಿನ ತಟ್ಟೆ ತೋರಿಸುವಾಗಲೆಲ್ಲ ಮಾಸ್ತರರು ಅವರ ಹೆಸರು ತರುತ್ತಾರೆ. ಹೋಲಿಕೆ ಅಷ್ಟೇನೂ ಕೂಡಿಬರುವುದಿಲ್ಲ. ಆಕೆ ನಗುತ್ತಾರೆ.

ರಾಣಿಗಂಜಿನಿಂದ 12 ವೋಲ್ಟಿನ ಪಂಪು ಬಂತು. ನಲ್ಲಿ ತಿರುಗಿಸಿದರೆ ಪೈಪಿನ ಒತ್ತಡ ಇಳಿಯುತ್ತದೆ, ಪಂಪು ತಾನೇ ಚಾಲೂ ಆಗುತ್ತದೆ. ನಲ್ಲಿ ಮುಚ್ಚಿದರೆ ಒತ್ತಡ ಏರಿ ನಿಲ್ಲುತ್ತದೆ. ಮೊದಲ ಸಲ ಮನೆಯ ಪದ್ಧತಿಯಂತೆ ಪಿವಿಸಿ ಪೈಪನ್ನು ಅಂಟಿಸಿ ಜೋಡಿಸಿದ್ದರು. ಹೊರವರ್ತುಲ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದ ರಾತ್ರಿ, ಯಾರೂ ನಲ್ಲಿ ಮುಟ್ಟದೆ, ಹತ್ತು ನಿಮಿಷಕ್ಕೊಮ್ಮೆ ಪಂಪು ಟರ್ರ್ ಎಂದು ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಎಲ್ಲೋ ಹನಿಯುತ್ತಿದೆ ಎಂದು ಅದು ಹೇಳುತ್ತಿತ್ತು. ಟಾರ್ಚು ಹಿಡಿದು ನೋಡಿದರೆ ಮೊಣಕೈ ತಿರುವೊಂದು ಕೂದಲೆಳೆಯಷ್ಟು ಸೀಳಿತ್ತು. ಅಲುಗಾಡುವ ಗಾಡಿಗೆ ಬಗ್ಗದ ಪೈಪು ಆಗಿಬರುವುದಿಲ್ಲ. ಎಲ್ಲ ಕಿತ್ತು, ಕುಡಿಯುವ ನೀರಿಗೆ ಯೋಗ್ಯವಾದ ಮೆದು ಪೈಪನ್ನು ಸ್ಟೀಲ್ ಪಟ್ಟಿಗಳಿಂದ ಬಿಗಿದರು. ಪಂಪಿನ ಮುಂದೆ ಜಾಲರಿ, ಟ್ಯಾಂಕಿನ ನೆತ್ತಿಯಲ್ಲಿ ಗಾಳಿಯಾಡಲು ಒಂದು ಕೊಳವೆ. ಗಾಳಿ ಒಳಗೆ ಹೋಗದಿದ್ದರೆ ನೀರು ಹೊರಗೆ ಬರುವುದಿಲ್ಲ.

ಶುದ್ಧಿಯ ವಿಷಯದಲ್ಲಿ ಆಕೆಯೇ ಗಟ್ಟಿ. ಮಾಸ್ತರರು ಟಿಡಿಎಸ್ ಮೀಟರು ಅದ್ದಿ 480 ಬಂತು, ಒಳ್ಳೆ ನೀರು ಎಂದರೆ, ಅದರಲ್ಲಿ ಹುಳ ಇದ್ದರೆ ಮೀಟರು ಹೇಳುತ್ತದೆಯೇ ಎಂದು ಕೇಳಿದರು. ಹೇಳುವುದಿಲ್ಲ. ಆ ಅಂಕಿ ಕರಗಿದ ಲವಣದ ಲೆಕ್ಕ ಮಾತ್ರ. ಕುಡಿಯುವ ನೀರಿನಲ್ಲಿ 500 ಮಿಲಿಗ್ರಾಮಿನವರೆಗೆ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ, ಆದರೆ ಭೇದಿ ತರುವ ಜೀವಾಣುವಿಗೂ ಅದಕ್ಕೂ ಸಂಬಂಧವಿಲ್ಲ. ರಾಯಚೂರು, ಕಲಬುರಗಿ ಕಡೆಯ ಎಷ್ಟೋ ಬೋರ್‌ವೆಲ್ಲುಗಳಲ್ಲಿರುವ ಫ್ಲೋರೈಡನ್ನೂ ಅದು ಬೇರೆಯಾಗಿ ತೋರಿಸದು. ಕೊನೆಗೆ, ಕುಡಿಯುವ ನೀರನ್ನು ಮನೆಯಿಂದಲೇ ತುಂಬಿಕೊಳ್ಳುವುದು, ಟ್ಯಾಂಕನ್ನು ಮೊದಲು ಕ್ಲೋರಿನ್ ದ್ರಾವಣದಿಂದ ತೊಳೆಯುವುದು ಎಂದಾಯಿತು. 120 ಲೀಟರಿಗೆ ಶೇಕಡಾ 5ರ ದ್ರಾವಣ 120 ಮಿಲಿಲೀಟರ್, ರಾತ್ರಿಯಿಡೀ ಬಿಟ್ಟು, ವಾಸನೆ ಹೋಗುವವರೆಗೆ ಜಾಲಾಡಿಸಿದರು.

ಇನ್ನು ಉಳಿದದ್ದು ಎಷ್ಟಿದೆ ಎಂದು ತಿಳಿಯುವ ಬಗೆ. ಪಕ್ಕದಲ್ಲಿ ಒಂದು ಪಾರದರ್ಶಕ ಕೊಳವೆ ಇಡಿ, ನೀರು ಕಣ್ಣಿಗೆ ಕಾಣಲಿ ಎಂದರು ಆಕೆ. ಮಾಸ್ತರರಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಕೋಠಿಯ ಗುಜರಾತಿ ಗಲ್ಲಿಯಿಂದ ತೇಲುಬುರುಡೆಯ ಸೆನ್ಸರು, ಆರು ಪುಟ್ಟ ದೀಪ, ಹರಿವು ಎಣಿಸುವ ಎರಡು ಮೀಟರು ತಂದರು. ದೀಪಗಳು ಕೈತೊಳೆಯುವ ಬೇಸಿನ್ನಿನ ಮೇಲೆ ಸಾಲಾಗಿ ಕೂತವು: ಮೂರು ಹಸಿರು, ಎರಡು ಹಳದಿ, ಒಂದು ಕೆಂಪು. ಒಂದು ದೀಪ ಆರಿದರೆ 20 ಲೀಟರ್ ಹೋಯಿತೆಂದು ಅರ್ಥ. ಹರಿವಿನ ಮೀಟರಿನಲ್ಲಿ ನೀರು ಪುಟ್ಟ ಚಕ್ರವೊಂದನ್ನು ತಿರುಗಿಸುತ್ತದೆ, ಲೀಟರಿಗೆ ಸುಮಾರು 450 ಮಿಡಿತ. ಒಂದನ್ನು ಇಡೀ ಗಾಡಿಗೆ, ಇನ್ನೊಂದನ್ನು ಕುಡಿಯುವ ನಲ್ಲಿಗೆ ಜೋಡಿಸಿದರು.

ಫೆಬ್ರುವರಿಯಲ್ಲಿ ಹೊರಟರು. ಮೊದಲ ರಾತ್ರಿ ಕಲಬುರಗಿ, ಎರಡನೆಯ ರಾತ್ರಿ ವಿಜಯಪುರ, ಮೂರನೆಯ ಸಂಜೆಗೆ ಬದಾಮಿ. ಎಲ್ಲವೂ ನೆಟ್ಟಗೆ ನಡೆಯಿತು. ಬದಾಮಿಯಲ್ಲಿ ಗಾಡಿ ನಿಲ್ಲಿಸಿ ಮಾಸ್ತರರು ಲೆಕ್ಕದ ಪುಸ್ತಕ ತೆರೆದರು. ಒಟ್ಟು 40 ಲೀಟರ್ ಖರ್ಚು. ಸರಿ. ಕುಡಿಯುವ ನಲ್ಲಿಯಲ್ಲಿ ಏಳು ಲೀಟರ್. ತಮ್ಮ ಲೀಟರಿನ ಸ್ಟೀಲ್ ಬಾಟಲಿಯನ್ನು ಅವರು ಐದು ಸಲ ತುಂಬಿಕೊಂಡಿದ್ದರು. ಉಳಿದದ್ದು ಎರಡು ಲೀಟರ್, ಎರಡೂವರೆ ದಿನಕ್ಕೆ.

ಮೊದಲು ಅವರು ಅನುಮಾನಿಸಿದ್ದು ಮೀಟರನ್ನು. ನೀರು ಸಣ್ಣಗೆ ಸುರಿದರೆ ಚಕ್ರ ಸರಿಯಾಗಿ ತಿರುಗುವುದಿಲ್ಲ, ಎಣಿಕೆ ತಪ್ಪುತ್ತದೆ. ಅಳತೆಯ ಜಗ್ಗು ಹಿಡಿದು ನಲ್ಲಿ ಬಿಟ್ಟರು. ಲೀಟರಿಗೆ 0.98 ತೋರಿಸಿತು. ಮೀಟರು ಸರಿ ಇತ್ತು. ಆಮೇಲೆ ಆಕೆಯನ್ನು ಕೇಳಿದರು.

"ಅಲ್ರೀ, ದೀಪ ಆರಕೋತ ಹೊಂಟಿದ್ವಲ್ಲ," ಎಂದರು ಆಕೆ. "ಈಗ ನೋಡ್ರಿ, ಹಸರು ಒಂದೂ ಇಲ್ಲ. ವಾಪಸ್ ಹೋಗೋತನಕ ಬೇಕಲ್ಲ, ಅದಕ್ಕ ಉಳಿಸಿದೆ."

ಟ್ಯಾಂಕಿನಲ್ಲಿ 80 ಲೀಟರ್ ಇತ್ತು. ಹಸಿರು ಒಂದಾದರೂ ಉರಿಯಬೇಕಿತ್ತು. ಗಾಡಿ ನಿಂತದ್ದು ಇಳಿಜಾರಿನಲ್ಲಿ, ಮೂತಿ ತಗ್ಗಿಗೆ. ಮೀಟರ್ ಉದ್ದದ ಟ್ಯಾಂಕು ಮುಂದಕ್ಕೆ ಹತ್ತು ಸೆಂಟಿಮೀಟರ್ ವಾಲಿದರೆ ಹಿಂದಿನ ತುದಿಯಲ್ಲಿ ನೀರು ಐದು ಸೆಂಟಿಮೀಟರ್ ಇಳಿಯುತ್ತದೆ, ಲೆಕ್ಕಕ್ಕೆ ಅದು 20 ಲೀಟರ್. ಸೆನ್ಸರು ಇದ್ದದ್ದು ಹಿಂದಿನ ತುದಿಯಲ್ಲಿ. ಕೂರಿಸಲು ಸುಲಭ ಎಂದು ಅಲ್ಲಿ ಹಾಕಿದ್ದರು. ತಪ್ಪು ಅವರದೇ. ವಿದ್ಯಾರ್ಥಿ ಮಾಡಿದ್ದರೆ ಅಂಕ ಕಳೆಯುತ್ತಿದ್ದರು.

ಆದರೆ ಸುಳ್ಳು ದೀಪ ಆ ಸಂಜೆಯದು ಮಾತ್ರ. ಆಕೆ ಉಳಿಸಲು ತೊಡಗಿದ್ದು ಕಲಬುರಗಿಯಲ್ಲೇ, ಮೊದಲ ಹಸಿರು ನಿಜವಾಗಿಯೇ ಆರಿದಾಗ. ಕೈತೊಳೆಯುವಾಗಲೆಲ್ಲ ಕಣ್ಣೆದುರಿಗೆ ಆ ಸಾಲು. ನೀರಿದೆಯೆಂದು ಧೈರ್ಯ ಕೊಡಲು ಹಚ್ಚಿದ ದೀಪ, ಬಸ್ಸಿನ ಮೂವತ್ತು ವರ್ಷಗಳ ಲೆಕ್ಕವನ್ನು ಮತ್ತೆ ಶುರು ಮಾಡಿತ್ತು. ಶೌಚಾಲಯ ಎರಡು ಹೆಜ್ಜೆ ದೂರದಲ್ಲಿದ್ದರೂ ಆಕೆ ಬಾಯಿ ಕಟ್ಟಿದ್ದರು.

ಹೈದರಾಬಾದಿಗೆ ಮರಳಿದ ವಾರವೇ ಸೆನ್ಸರು ಟ್ಯಾಂಕಿನ ನಡುವಿಗೆ ಬಂತು. ದೀಪಗಳು ಬೇಸಿನ್ನಿನ ಮೇಲಿಂದ ಇಳಿದು ಚಾಲಕನ ಸೀಟಿನ ಪಕ್ಕಕ್ಕೆ, ಮಾಸ್ತರರಿಗೆ ಮಾತ್ರ ಕಾಣುವಲ್ಲಿಗೆ ಹೋದವು. ಪಾರದರ್ಶಕ ಕೊಳವೆಯನ್ನೂ ಹಾಕಿದರು, ತಡವಾಗಿ.

ಮಾರ್ಚಿನಲ್ಲಿ ರಾಯಚೂರಿಗೆ ಹೋದರು. ಮಹಬೂಬ್‌ನಗರ ದಾಟಿ ಬೇವಿನ ಮರವೊಂದರ ಕೆಳಗೆ ಗಾಡಿ ನಿಂತಿತು. ಪಂಪು ಟರ್ರ್ ಎಂದಿತು, ನಿಂತಿತು, ಸ್ವಲ್ಪ ಹೊತ್ತಿಗೆ ಮತ್ತೆ ಟರ್ರ್ ಎಂದಿತು. ಮಾಸ್ತರರು ಮುಂದಿನ ಸೀಟಿನಲ್ಲೇ ಕೂತು ಅಭ್ಯಾಸಬಲದಿಂದ ಪುಸ್ತಕ ತೆಗೆದರು.

"ಅದನ್ನ ಬರೀಬ್ಯಾಡ್ರಿ," ಎಂದರು ಆಕೆ ಒಳಗಿನಿಂದ.