ನಿಂತಲ್ಲಿಂದ ಎಷ್ಟು ದೂರ ಕಾಣುತ್ತದೆ?

ಪುಣೆಯಿಂದ ರಾತ್ರಿ ಬಸ್ಸಿಗೆ ಹೊರಟರೆ ಬೆಳಗಿನ ಜಾವ ಹುಬ್ಬಳ್ಳಿ. ಅಲ್ಲಿಂದ ಶಿರಸಿ, ಸಿದ್ದಾಪುರ, ತಾಳಗುಪ್ಪ ದಾಟಿ ಸಾಗರ ಸೇರುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು. ನಮ್ಮೂರು ಸಾಗರದಿಂದ ಹೊಸನಗರದ ದಿಕ್ಕಿಗೆ, ಮುಖ್ಯ ರಸ್ತೆ ಬಿಟ್ಟು ಒಳಗೆ. ಕಣಿವೆಯಲ್ಲಿ ಅಡಿಕೆ ತೋಟ, ಕೆಳಗೆ ಗದ್ದೆ, ಮೇಲೆ ಹಕ್ಕಲು. ಈ ಲೇಖನ ಆ ಹಕ್ಕಲಿನ ಬಗ್ಗೆ.

ಪಹಣಿಯಲ್ಲಿ ಅದು 6 ಎಕರೆ 12 ಗುಂಟೆ. ಹಿಂದೆ ದನಗಳು ಮೇಯುತ್ತಿದ್ದ ಜಾಗ. ಕೊಟ್ಟಿಗೆಯಲ್ಲಿ ದನ ಕಡಿಮೆಯಾದ ಮೇಲೆ ಇಪ್ಪತ್ತು ವರ್ಷದಲ್ಲಿ ಲಂಟಾನ, ಕಮ್ಯುನಿಸ್ಟ್ ಗಿಡ, ಸೀಗೆ, ಬಿದಿರುಮೆಳೆ ಸೇರಿ ಕಾಡೇ ಆಗಿದೆ. ಊರಲ್ಲಿರುವ ತಮ್ಮನಿಗೆ ಅಲ್ಲಿ ಕಾಳುಮೆಣಸು ಹಾಕುವ ಆಸೆ. ಸಾಲ ಬೇಕೆಂದರೆ ಅವನ ಪಾಲು ಅವನ ಹೆಸರಿಗೆ ಬರಬೇಕು. ಶಿವಮೊಗ್ಗದ ಅಕ್ಕ, "ನನ್ನ ಪಾಲು ಎಲ್ಲಿ ಬರ್ತದೆ ಅಂತ ಒಂದ್ಸಲ ಕಣ್ಣಲ್ಲಿ ನೋಡ್ಬೇಕು ಮಾರಾಯ" ಎಂದಳು. ಒಂದು ಸರ್ವೆ ನಂಬರಿನ ಭಾಗವನ್ನು ಬೇರೆ ಮಾಡಿ ನೋಂದಾಯಿಸಲು 11ಇ ನಕ್ಷೆ ಬೇಕು. ಅದರ ಅರ್ಜಿಗೆ ಮೊದಲು ಗಡಿಕಲ್ಲುಗಳನ್ನು ಹುಡುಕಿ, ಪಾಲು ಹೇಗೆ ಬೀಳುತ್ತದೆಂದು ತಿಳಿಯಲು ಖಾಸಗಿಯಾಗಿ ಅಳೆಸೋಣ ಎಂದು ಮೂವರೂ ಒಪ್ಪಿದೆವು. ಖರ್ಚು, ಓಡಾಟದ ಹೊಣೆ ನನ್ನದು.

ಒಬ್ಬರು ಫೋನಿನಲ್ಲೇ "ಒಟ್ಟು ಹದಿನೈದು ಸಾವಿರ, ಒಂದು ದಿನ" ಎಂದರು. ಇನ್ನೊಬ್ಬ ಹಿರಿಯ ಭೂಮಾಪಕರು ಬೆಲೆಯನ್ನೇ ಹೇಳಲಿಲ್ಲ. "ಎಕರೆ ಲೆಕ್ಕ ಇರ್ಲಿ ಸಾರ್. ಗಡಿ ಮೇಲೆ ನಿಂತ್ರೆ ಎಷ್ಟು ದೂರ ಕಾಣ್ತದೆ ಹೇಳಿ" ಎಂದರು. ತಮ್ಮನನ್ನು ಕೇಳಿದೆ. "ಎದುರಿಗೆ ನಿಂತ ನಾಯಿ ಕಾಣೂದಿಲ್ಲ" ಎಂದ. ಎರಡನೆಯವರನ್ನೇ ಕರೆಸಿದೆವು.

ಕಾರಣ ಸರಳ. ಟೋಟಲ್ ಸ್ಟೇಷನ್ ಎಂಬ ಯಂತ್ರಕ್ಕೆ ಎದುರಿನ ಪ್ರಿಸಂ ಕಾಣಲೇಬೇಕು. ಬಯಲಲ್ಲಿ ಒಂದು ಕಡೆ ನಿಲ್ಲಿಸಿದರೆ ಇನ್ನೂರು ಮೀಟರ್ ಸಲೀಸಾಗಿ ಸಿಗುತ್ತದೆ. ನಮ್ಮ ಹಕ್ಕಲಿನ ಸುತ್ತಳತೆ ಸುಮಾರು 800 ಮೀಟರ್. ಬಯಲಾಗಿದ್ದರೆ ನಾಲ್ಕು ಕಡೆ ಯಂತ್ರ ಇಟ್ಟು ಅರ್ಧ ದಿನದಲ್ಲಿ ಎದ್ದು ಹೋಗಬಹುದಿತ್ತು. ಇಪ್ಪತ್ತು ಮೀಟರ್ ಮಾತ್ರ ಕಾಣುವ ಕಡೆ ಅದೇ ಸುತ್ತಿಗೆ ನಲವತ್ತು ಸಲ ಯಂತ್ರ ಇಡಬೇಕು. ಒಂದೊಂದು ಸಲಕ್ಕೂ ಹದಿನೈದು ನಿಮಿಷ ಎಂದರೂ ಹತ್ತು ಗಂಟೆ. ಸವರುವ ಸಮಯ ಬೇರೆ.

"ಡ್ರೋನ್ ಹಾರಿಸಿದ್ರೆ ಆಯ್ತಲ್ಲ?" ಎಂದು ನಮ್ಮ ಆಫೀಸಿನಲ್ಲಿ ಎಲ್ಲರೂ ಕೇಳಿದರು. ಡ್ರೋನಿನ ಕ್ಯಾಮೆರಾಕ್ಕೆ ಕಾಣುವುದು ಮರದ ತಲೆ, ಬುಡದಲ್ಲಿರುವ ಕಲ್ಲಲ್ಲ. ಲೈಡಾರ್‌ನ ಕಿರಣಗಳು ಎಲೆಗಳ ಸಂದಿಯಲ್ಲಿ ಇಳಿದು ನೆಲದ ಏರಿಳಿತವನ್ನು ಹಿಡಿಯಬಲ್ಲವು. ಆದರೆ ದಟ್ಟ ಪೊದೆಯ ಕೆಳಗೆ ಹೂತ ಒಂದಡಿ ಕಲ್ಲನ್ನು ಅದರಲ್ಲಿ ಗುರುತಿಸುವುದು ಕಷ್ಟ. ಉಪಗ್ರಹ ಆಧಾರಿತ ರೋವರ್ ನಮ್ಮ ಗದ್ದೆಯಲ್ಲಿ ನಿಮಿಷದೊಳಗೆ ಸೆಂಟಿಮೀಟರ್ ನಿಖರತೆಗೆ ಬಂತು. ಹಕ್ಕಲಿನ ಮರಗಳ ಕೆಳಗೆ ಹೋದಾಗ ಓದು ಮೀಟರಿನಷ್ಟು ಅತ್ತಿತ್ತ ತೇಲತೊಡಗಿತು. 150 ಮೀಟರ್ ಉದ್ದದ ಗಡಿ ಒಂದು ಮೀಟರ್ ಸರಿದರೆ ಸುಮಾರು ಒಂದೂವರೆ ಗುಂಟೆ ಹೋಯಿತು. ಅಣ್ಣತಮ್ಮಂದಿರು ಮಾತು ಬಿಡಲು ಅಷ್ಟು ಸಾಕು.

ಚೆನ್ನೈಯ ಓದುಗರಿಗೆ ಸೇಂಟ್ ಥಾಮಸ್ ಮೌಂಟ್ ಗೊತ್ತಿರುತ್ತದೆ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಅಲ್ಲಿನ ಬಯಲಲ್ಲಿ ಏಳೂವರೆ ಮೈಲಿಯ ಒಂದು ಗೆರೆ ಅಳೆಯಲು 57 ದಿನ ತೆಗೆದುಕೊಂಡ. ಮುಂದೆ ಬೆಟ್ಟದ ತುದಿಯಿಂದ ತುದಿಗೆ ತ್ರಿಕೋನ ಕಟ್ಟುತ್ತ ಮಂಗಳೂರಿನ ಕಡಲಿನವರೆಗೆ ಬಂದ. ಎತ್ತರದಲ್ಲಿ ನಿಂತರೆ ನಡುವಿನ ಕಾಡನ್ನು ಕಡಿಯಬೇಕಿಲ್ಲ. ಆರು ಎಕರೆಯ ಹಕ್ಕಲಿಗೆ ಆ ಅನುಕೂಲವಿಲ್ಲ.

ಭೂಮಾಪಕರು ಮೊದಲು ಅರ್ಧ ದಿನ ಸುಮ್ಮನೆ ನೋಡಲು ಬಂದರು. ಅದಕ್ಕೆ ಎರಡು ಸಾವಿರ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಲಾಭದ ಖರ್ಚು ಅದು. ಇಬ್ಬರು ಆಳುಗಳಿಂದ ಎರಡು ಕಡೆ ಇಪ್ಪತ್ತಿಪ್ಪತ್ತು ಮೀಟರ್ ಸವರಿಸಿ ಗಡಿಯಾರ ನೋಡಿದರು. ಮರದ ನೆರಳಿನ ಕಡೆ ಹತ್ತು ನಿಮಿಷ, ಲಂಟಾನದ ಕಡೆ ನಲವತ್ತು ನಿಮಿಷ. ಆಮೇಲೆ ಸುತ್ತಳತೆಯನ್ನು ಮೂರಾಗಿ ಒಡೆದರು: ಹಳ್ಳದ ಪಕ್ಕದ ತೆರೆದ ಭಾಗ 250 ಮೀಟರ್, ಮರದ ನೆರಳು 300, ಮೆಳೆ 250. ಮೆಳೆಯಲ್ಲಿ ಗಡಿಯುದ್ದಕ್ಕೂ ಕಡಿಯುವ ಬದಲು ಹಳೆಯ ಗಾಡಿದಾರಿಯಲ್ಲಿ ಯಂತ್ರ ಒಯ್ದು, ಅಲ್ಲಿಂದ ಕಲ್ಲಿಗೆ ಮಾತ್ರ ಅಡ್ಡ ಗೆರೆ ತೆಗೆಯುವುದು ಅವರ ಉಪಾಯ. ಆಗ ಕಡಿಯಬೇಕಾದ್ದು 110 ಮೀಟರ್.

ಲೆಕ್ಕ ಹೀಗೆ ಬಂತು. ನೆರಳಿನ ಭಾಗಕ್ಕೆ 150 ನಿಮಿಷ, ಮೆಳೆಗೆ 220. ಮಧ್ಯಾಹ್ನದ ಮೇಲೆ ಕತ್ತಿಯ ವೇಗ ಬೆಳಗಿನಂತಿರುವುದಿಲ್ಲ ಎಂದು ಅದರ ಅರ್ಧದಷ್ಟು ಸೇರಿಸಿದರು. ಒಂಬತ್ತು ಗಂಟೆ, ಅಂದರೆ ಒಂದೂವರೆ ದಿನ. ಯಂತ್ರ ಸುಮಾರು ಇಪ್ಪತ್ತು ಕಡೆ, ಒಂದು ದಿನ. ಒಂಬತ್ತು ಕಲ್ಲುಗಳಲ್ಲಿ ಆರು ಅಪ್ಪಯ್ಯನಿಗೆ ಗೊತ್ತು. ಉಳಿದ ಮೂರನ್ನು ಹುಡುಕಲು ಅರ್ಧದಿಂದ ಒಂದೂವರೆ ದಿನ. "ಮೂರು ದಿನ, ಹೆಚ್ಚಂದ್ರೆ ನಾಲ್ಕು. ದಿನಕ್ಕೆ ಆರು ಸಾವಿರ, ಆಳಿನ ಖರ್ಚು ನಿಮ್ದು." ಸಾಫ್ಟ್‌ವೇರಿನಲ್ಲಿ ಹದಿನೈದು ವರ್ಷ ಅಂದಾಜುಪಟ್ಟಿ ಬರೆದವನು ನಾನು. ಗೊತ್ತಿಲ್ಲದ ಭಾಗವನ್ನು ಇಷ್ಟು ಸ್ಪಷ್ಟವಾಗಿ ಬೇರೆ ತೆಗೆದಿಟ್ಟ ಪಟ್ಟಿಯನ್ನು ನೋಡಿದ್ದು ಕಡಿಮೆ.

ದಿನ ಗೊತ್ತು ಮಾಡುವುದೂ ಅಂದಾಜಿನ ಭಾಗವೇ. ಮಳೆಗಾಲದಲ್ಲಿ ಉಂಬಳ, ಮಂಜು. ನವೆಂಬರಿನಿಂದ ಅಡಿಕೆ ಕೊಯ್ಲು, ಆಳು ಸಿಗುವುದಿಲ್ಲ. ಫೆಬ್ರವರಿಯ ಕೊನೆಗೆ ಎಲೆ ಉದುರಿ ಒಳಗೆ ಬೆಳಕು ಬೀಳುತ್ತದೆ, ಕೊಯ್ಲೂ ಮುಗಿದಿರುತ್ತದೆ. ಆಗಲೇ ಮಾಡಿದೆವು. ಪೊದೆ ಸವರಿದ್ದು ಬಿಟ್ಟರೆ ಮರ ಮುಟ್ಟಲಿಲ್ಲ. ಸ್ವಂತ ಜಮೀನಿನಲ್ಲೂ ಹೆಚ್ಚಿನ ಮರಗಳನ್ನು ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಮರ ಅಡ್ಡ ಬಂದಲ್ಲಿ ಯಂತ್ರವೇ ಪಕ್ಕಕ್ಕೆ ಸರಿಯಿತು.

ಭೂಮಾಪಕರ ಕೈಯಲ್ಲಿ ಹಳೆಯ ಟಿಪ್ಪಣಿಯ ನಕಲಿತ್ತು. ಅದರ ಅಳತೆ ಸರಪಳಿ, ಆಣೆಗಳಲ್ಲಿ. ಒಂದು ಸರಪಳಿಗೆ 33 ಅಡಿ, ಹದಿನಾರು ಆಣೆ. ಸರಪಳಿ ಉದ್ದ, ಸರಪಳಿ ಅಗಲ ಆದರೆ ಒಂದು ಗುಂಟೆ. ಮೂರು ಕಲ್ಲುಗಳಲ್ಲಿ ಎರಡು ಅದರ ಲೆಕ್ಕದಂತೆಯೇ ಸಿಕ್ಕವು. ಮೂರನೆಯದು, ತೆಂಕಣ ಮೂಲೆಯದು, ಪಕ್ಕದವರ ಗಡಿಗೆ ಸೇರಿದ್ದು. ಅದಕ್ಕಾಗಿ ಒಂದಿಡೀ ದಿನ ಅಗೆದೆವು. ಪಕ್ಕದ ಮನೆಯ ಭಾವಯ್ಯನೂ ಬಂದು ಮೌನವಾಗಿ ನಿಂತಿದ್ದರು. ಅವರ ಅಡಿಕೆಯ ಕೊನೆಯ ಸಾಲು ಅಲ್ಲೇ ಇತ್ತು.

ಎಪ್ಪತ್ತೆಂಟರ ಅಪ್ಪಯ್ಯ ಕೋಲೂರಿಕೊಂಡು ಬಂದು, "ಕಲ್ಲು ಹುಡುಕ್ಬೇಡಿ, ಹೊನ್ನೆ ಮರ ಹುಡುಕಿ. ಅದರ ಮೂಡಲಿಗೆ ಇತ್ತು" ಎಂದರು. ಮರ ಬಿದ್ದು ಎಷ್ಟೋ ಕಾಲವಾಗಿತ್ತು. ಕೊಳೆತ ಬುಡ ಸಿಕ್ಕಿತು, ಅದರ ಮೂಡಲಿಗೆ ಒಂದು ಹುತ್ತ. ಹುತ್ತದ ಅಂಚು ಬಿಡಿಸಿದಾಗ ಕಲ್ಲಿನ ತಲೆ. ಭಾವಯ್ಯನ ಸಾಲು ನಾಲ್ಕು ಅಡಿ ನಮ್ಮೊಳಗೆ ಬಂದಿತ್ತು. ಅವರು ಕಲ್ಲನ್ನು ಕೈಯಲ್ಲಿ ಮುಟ್ಟಿ ನೋಡಿ, "ಇನ್ನು ಹೇಳೂದೇನಿದೆ, ಮರ ಮುದಿಯಾದ್ಮೇಲೆ ಬಿಟ್ಟುಕೊಡ್ತೆ" ಎಂದರು. ಅಪ್ಪಯ್ಯ ಒಪ್ಪಿದರು.

ಕೆಲಸ ಮುಗಿದದ್ದು ಮೂರೂವರೆ ದಿನಕ್ಕೆ. ಭೂಮಾಪಕರಿಗೆ 21,000, ಮೊದಲ ಭೇಟಿಗೆ 2,000, ಇಬ್ಬರು ಆಳುಗಳಿಗೆ ದಿನಕ್ಕೆ ತಲಾ 800ರಂತೆ 5,600, ಜೀಪು, ಊಟ, ಚಹಾ 2,400. ಒಟ್ಟು 31,000. ಇದು ನಮ್ಮೂರಿನ ಲೆಕ್ಕ, ನಿಮ್ಮೂರಿನದು ಬೇರೆ ಇರುತ್ತದೆ. ನೆಲದ ಮೇಲೆ ಸಿಕ್ಕಿದ್ದು 6 ಎಕರೆ 9 ಗುಂಟೆ. ಹಳ್ಳ ದಿಕ್ಕು ಬದಲಿಸಿದ ಕಡೆ ಮೂರು ಗುಂಟೆ ಕಡಿಮೆ. ಅಕ್ಕ ಬಂದು ನೋಡಿ ಹಲಸಿನ ಮರವಿರುವ ಮೇಲಿನ ಭಾಗ ಕೇಳಿದಳು. ತಮ್ಮ ಹಳ್ಳದ ಕಡೆ ಹಿಡಿದ. 11ಇ ನಕ್ಷೆಗೆ ಅರ್ಜಿ ಹಾಕಿದ್ದೇವೆ. ಅಧಿಕೃತ ಅಳತೆಗೆ ಬರುವವರಿಗೆ ಒಂಬತ್ತು ಕಲ್ಲಿಗೂ ದಾರಿ ತೆರೆದಿದೆ, ಸುಣ್ಣ ಬಳಿದಿದೆ.

ಊರಲ್ಲಿ ಇಂಥ ಜಾಗ ಬಿಟ್ಟು ಬಂದಿರುವವರಿಗೆ ಒಂದೇ ಮಾತು. ಬೆಲೆ ವಿಚಾರಿಸುವ ಮೊದಲು, ಕಲ್ಲುಗಳ ಗುರುತಿರುವವರು ಯಾರು, ಅವರು ಹಕ್ಕಲು ಹತ್ತಬಲ್ಲರೇ ಎಂದು ಕೇಳಿಕೊಳ್ಳಿ. ಮೂರು ಕಲ್ಲಿನ ಬದಲು ಒಂಬತ್ತನ್ನೂ ಹುಡುಕಬೇಕಾಗಿದ್ದರೆ ನಮ್ಮ ಖರ್ಚು ಎಲ್ಲಿಗೆ ಮುಟ್ಟುತ್ತಿತ್ತೆಂದು ಭೂಮಾಪಕರನ್ನು ಕೇಳಿದೆ. ಆ ಲೆಕ್ಕಕ್ಕೆ ಅವರು ಅಂಕಿ ಕೊಡಲಿಲ್ಲ.