ಅದೇ ಮೀನು

ಕಳೆದ ವರ್ಷದ ಮಳೆಗಾಲದಲ್ಲಿ ನಾನು ಒಂದು ನಿರಪರಾಧಿ ಮೀನನ್ನು ಮನೆಯಿಂದ ಹೊರಹಾಕಿದೆ. ಆ ವಾರ ಅದಕ್ಕಿಂತ ದೊಡ್ಡ ತಪ್ಪನ್ನೂ ಮಾಡಿದ್ದೆ ಎಂಬುದು ತಿಳಿಯಲು ಮತ್ತೆ ಹತ್ತು ದಿನ ಬೇಕಾಯಿತು.

ಡೊಂಬಿವಲಿಯ ನಮ್ಮ ಮನೆಗೆ ಮೀನಿನ ತೊಟ್ಟಿ ಬಂದದ್ದು ಅಮ್ಮನ ಸಲುವಾಗಿ. ಅಪ್ಪ ತೀರಿಕೊಂಡ ಮೇಲೆ ಉಪ್ಪಿನಂಗಡಿಯ ಮನೆಗೆ ಬೀಗ ಹಾಕಿ ಅವಳನ್ನು ಇಲ್ಲಿಗೆ ಕರೆತಂದಿದ್ದೆವು. ನೇತ್ರಾವತಿ, ಕುಮಾರಧಾರೆಗಳು ಕೂಡುವ ಊರಿನಲ್ಲಿ ಬಾಳಿದವಳಿಗೆ ಮೂರನೆಯ ಮಹಡಿಯ ಕಿಟಕಿಯಿಂದ ಕಾಣುತ್ತಿದ್ದುದು ಎದುರು ಕಟ್ಟಡದಲ್ಲಿ ಒಣಹಾಕಿದ ಬಟ್ಟೆಗಳು. ನಾನೂ ಹೆಂಡತಿಯೂ ಬೆಳಗಿನ ಲೋಕಲ್ ಹಿಡಿದು ಹೊರಟರೆ ಮರಳುವುದು ರಾತ್ರಿಯೇ. ಮಗಳಿಗೆ ಕಾಲೇಜು. ಅಮ್ಮನಿಗೆ ಆಗಲೇ ಮರೆವು ಆರಂಭವಾಗಿತ್ತು. ಮೊಮ್ಮಗಳನ್ನು ತನ್ನ ತಂಗಿಯ ಹೆಸರು ಹಿಡಿದು ಕರೆಯುತ್ತಿದ್ದಳು. ಚಹಾ ಕುಡಿದು ಕುಡಿದಿಲ್ಲವೆನ್ನುತ್ತಿದ್ದಳು. ಅವಳ ಕಣ್ಣಿಗೊಂದು ಕೆಲಸವಿರಲಿ ಎಂದು ಮೂರಡಿಯ ಗಾಜಿನ ತೊಟ್ಟಿಯೊಂದನ್ನು ಕೊಂಡು, ಕಲ್ಲುಗಳನ್ನು ಪೇರಿಸಿ, ಕ್ರಾಫರ್ಡ್ ಮಾರ್ಕೆಟ್ಟಿನ ಬಳಿಯ ಅಂಗಡಿಯೊಂದರಿಂದ ಆರು ಎಳೆಯ ಮೀನುಗಳನ್ನು ತಂದೆ. ಮೂರು ನೀಲಿ, ಅವುಗಳ ಮೈಮೇಲೆ ಕಪ್ಪು ಪಟ್ಟೆ. ಮೂರು ಅಪ್ಪಟ ಹಳದಿ. ಹೆಸರು ಕೇಳಿದ್ದಕ್ಕೆ ಅಂಗಡಿಯವನು, "ಆಫ್ರಿಕನ್ ಸಿಕ್ಲಿಡ್, ಮಿಕ್ಸ್" ಎಂದು ಎರಡು ಮಾತಿನಲ್ಲಿ ಮುಗಿಸಿದ.

ಎಂಟು ತಿಂಗಳು ಎಲ್ಲವೂ ಸರಿಯಾಗಿಯೇ ಇತ್ತು. ಜುಲೈ ತಿಂಗಳ ಒಂದು ರಾತ್ರಿ ನಾನು ಚಪ್ಪಲಿ ಬಿಡುವಾಗಲೇ ಅಮ್ಮ, "ಒಂದು ಸತ್ತಿತು. ದಾಸವಾಳದ ಕುಂಡದಲ್ಲಿ ಹೂತು ಹಾಕಿದೆ" ಎಂದಳು. ತೊಟ್ಟಿಯ ಮುಂದೆ ನಿಂತು ಎಣಿಸಿದೆ. ಹಳದಿ ಮೂರು, ನೀಲಿ ಎರಡು. ಸತ್ತದ್ದು ನೀಲಿ ಎಂದು ಲೆಕ್ಕವೇ ಹೇಳುತ್ತಿತ್ತು.

"ಅಲ್ಲ ಮಾರಾಯ, ಸತ್ತದ್ದು ಹಳದಿಯದ್ದು."

"ಹಳದಿ ಮೂರೂ ಇವೆಯಲ್ಲ ಅಮ್ಮ."

"ಅದರಲ್ಲಿ ಒಂದು ನೀಲಿಯದ್ದು. ಅದೇ ಮೀನು, ಬಣ್ಣ ಬದಲಾದದ್ದು."

ನಾನು ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. "ಸರಿ, ಊಟ ಮಾಡುವ" ಎಂದೆ. ವಯಸ್ಸಾದವರ ಮಾತಿಗೆ ಮುಚ್ಚಳ ಹಾಕುವ ಈ "ಸರಿ" ನಮ್ಮ ಬಹುಪಾಲು ಮನೆಗಳಲ್ಲಿ ಉಂಟು.

ಆ ಭಾನುವಾರ ಕುಳಿತು ನೋಡಿದೆ. ಹಳದಿ ಮೀನೊಂದು ಉಳಿದವನ್ನು ಕಲ್ಲಿನ ಸಂದಿಯಿಂದ ಸಂದಿಗೆ ಅಟ್ಟುತ್ತಿತ್ತು. ಕೊಲೆಗಾರ ಸಿಕ್ಕಿದನೆಂದುಕೊಂಡು ಬಲೆ ಇಳಿಸಿದೆ. ಕದಡಿದ ನೀರಿನಲ್ಲಿ ಮೂರು ಹಳದಿಗಳೂ ಒಂದೇ ತೆರನಾಗಿ ಕಂಡವು. ಮೂಲೆಯಲ್ಲಿ ಸುಲಭವಾಗಿ ಸಿಕ್ಕಿದ್ದನ್ನು ಹಿಡಿದೆ. "ಅದಲ್ಲ, ಅದು ಪಾಪದ್ದು" ಎಂದು ಅಮ್ಮ ಹಿಂದಿನಿಂದ ಹೇಳುತ್ತಲೇ ಇದ್ದಳು. ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿಸಿ, ಮೀನನ್ನು ಸ್ಟೇಷನ್ನಿನ ಬಳಿಯ ಅಂಗಡಿಗೆ ಕೊಟ್ಟು ಬಂದೆ.

ಹತ್ತು ದಿನಗಳ ನಂತರ ಇನ್ನೊಂದು ಹಳದಿ ಮೀನು ರೆಕ್ಕೆ ಹರಿದು ಸತ್ತು ತೇಲುತ್ತಿತ್ತು. ಉಳಿದ ಒಂದೇ ಒಂದು ಹಳದಿ ತೊಟ್ಟಿಯ ನಡುವೆ ನಿಂತಿತ್ತು. ಅಂದು ಮೊದಲ ಬಾರಿಗೆ ಎರಡನ್ನೂ ಹೋಲಿಸಿ ನೋಡಿದೆ. ಸತ್ತ ಮೀನಿನ ಬೆನ್ನಿನ ರೆಕ್ಕೆಯುದ್ದಕ್ಕೂ ಅಚ್ಚ ಕಪ್ಪು ಗೆರೆಯಿತ್ತು, ಬದುಕಿರುವುದಕ್ಕೆ ಅದಿರಲಿಲ್ಲ. ಬದಲಿಗೆ ಅದರ ಹಳದಿಯ ಅಡಿಯಲ್ಲಿ ಮಾಸಿದ ಅಡ್ಡಪಟ್ಟೆಗಳು ಕಾಣುತ್ತಿದ್ದವು. ಎಡ ಕಿವಿರಿನ ಮುಚ್ಚಳದ ಅಂಚು ಮೊಟಕಾಗಿತ್ತು. ಮಗಳ ಮೊಬೈಲಿನಲ್ಲಿ ಅಜ್ಜಿ ತೊಟ್ಟಿಯ ಮುಂದೆ ಕುಳಿತ ಚಿತ್ರಗಳು ಬೇಕಾದಷ್ಟಿದ್ದವು. ಅವನ್ನು ತಾರೀಕಿನ ಪ್ರಕಾರ ತೆರೆಯುತ್ತ ಹೋದೆವು. ಮಾರ್ಚ್‌ನಲ್ಲಿ ಅದೇ ಮೊಟಕು ಕಿವಿರಿನ ಮೀನು ಗಾಢ ನೀಲಿ. ಮೇ ತಿಂಗಳಲ್ಲಿ ಬೂದು, ಗಂಟಲ ಬಳಿ ತೆಳುವಾದ ಹಳದಿ. ಜುಲೈಯಲ್ಲಿ ಮೈಯೆಲ್ಲ ಹಳದಿ. ಅಮ್ಮ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಆ ರಾತ್ರಿ ಓದಲು ಕುಳಿತೆ. ನೀಲಿಯದಕ್ಕೆ ಮಾರುಕಟ್ಟೆಯಲ್ಲಿ ಕೆನ್ಯಿ ಎಂಬ ಹೆಸರು. ಕೆನ್ಯಾ ದೇಶಕ್ಕೂ ಅದಕ್ಕೂ ನಂಟಿಲ್ಲ. ಅದು ಮಲಾವಿ ಸರೋವರದ ಎಂಬೆಂಜಿ ದ್ವೀಪದ ಸುತ್ತಣ ಬಂಡೆಗಳ ಮೀನು. 1977ರಲ್ಲಿ ವಿಜ್ಞಾನಿಗಳು ಅದನ್ನು ಲೊಂಬಾರ್ಡೋಯಿ ಎಂದು ಹೆಸರಿಸಿದರು. ಯಾವ ಕುಲಕ್ಕೆ ಸೇರಿಸಬೇಕೆಂಬ ತಕರಾರು ಆಮೇಲೂ ನಡೆಯಿತು. ಮರಿಗಳೆಲ್ಲ ನೀಲಿ. ಹೆಣ್ಣು ಕೊನೆಯವರೆಗೂ ನೀಲಿಯೇ. ಗಂಡು ಪ್ರಾಯಕ್ಕೆ ಬಂದು, ಒಂದು ಎಡೆಯನ್ನು ಹಿಡಿದು ಅದರ ಒಡೆಯನಾದಾಗ ಹಳದಿಯಾಗುತ್ತದೆ; ಸೋತ ಗಂಡಿನ ಬಣ್ಣ ಮಂಕಾಗುತ್ತದೆ. ಅದೇ ಸರೋವರದ ಔರಾಟಸ್ ಎಂಬ ಮೀನಿನಲ್ಲಿ ಎಲ್ಲವೂ ತಿರುವುಮುರುವು: ಮರಿಗಳೂ ಹೆಣ್ಣುಗಳೂ ಹೊಂಬಣ್ಣದವು, ಬೆಳೆದ ಗಂಡು ಕಪ್ಪು. ಇನ್ನು, ನಾನು ಹೊರಹಾಕಿದ ಅಪ್ಪಟ ಹಳದಿ ಮೀನಿಗೆ 1956ರಲ್ಲಿ ಫ್ರೈಯರ್ ಎಂಬ ವಿಜ್ಞಾನಿ ಕೊಟ್ಟ ಹೆಸರು ಲ್ಯಾಬಿಡೋಕ್ರೋಮಿಸ್ ಸೆರೂಲಿಯಸ್. ಸೆರೂಲಿಯಸ್ ಎಂದರೆ ಲ್ಯಾಟಿನ್ನಿನಲ್ಲಿ ನೀಲಿ! ಮೊದಲು ವರ್ಣಿತವಾದದ್ದು ಅದರ ಹಳದಿ ಬಗೆಯಲ್ಲವಾದ್ದರಿಂದ ಹೆಸರು ಹಾಗೆಯೇ ಉಳಿಯಿತು. ತನ್ನ ಬಳಗದಲ್ಲಿ ಅದು ಸಾಧುಪ್ರಾಣಿಯೆಂದೇ ಹೆಸರಾದದ್ದು. ಅಮ್ಮನ ಮಾತಿನಲ್ಲಿ, ಪಾಪದ್ದು.

ಮೀನಿನ ಬಣ್ಣವಿರುವುದು ಅದರ ಚರ್ಮದ ವರ್ಣಕೋಶಗಳಲ್ಲಿ. ಹೆದರಿದಾಗ, ಕೆರಳಿದಾಗ ಆ ಕೋಶಗಳೊಳಗಿನ ಬಣ್ಣದ ಕಣಗಳು ಹರಡಿ ಅಥವಾ ಮುದುಡಿ ಕ್ಷಣದಲ್ಲಿ ಛಾಯೆ ಬದಲಾಗುತ್ತದೆ. ಪ್ರಾಯ ಮತ್ತು ಅಂತಸ್ತು ತರುವ ಬದಲಾವಣೆಗೆ ವಾರಗಳೇ ಬೇಕು. ಸಂಗ್ರಹಾಲಯದ ಮದ್ಯಸಾರದಲ್ಲಿಟ್ಟ ಮೀನಿಗಂತೂ ಬಣ್ಣವೇ ಉಳಿಯುವುದಿಲ್ಲ. ಅದಕ್ಕಾಗಿಯೇ ವಿದ್ವಾಂಸರು ರೆಕ್ಕೆಯ ಮುಳ್ಳುಗಳನ್ನೂ ಹುರುಪೆಗಳನ್ನೂ ಎಣಿಸುತ್ತಾರೆ, ಹಲ್ಲಿನ ಆಕಾರವನ್ನು ನೋಡುತ್ತಾರೆ. ಹಾಗೆಂದು ಬಣ್ಣ ಸುಳ್ಳೂ ಅಲ್ಲ. ಆ ಸರೋವರದ ಎಷ್ಟೋ ಮೀನುಗಳು ಆಕಾರದಲ್ಲಿ ಅವಳಿಗಳಂತಿದ್ದು, ಬದುಕಿರುವಾಗಿನ ಬಣ್ಣದಿಂದಲೇ ಬೇರೆಯಾಗಿ ಕಾಣುತ್ತವೆ. ನಂಬಬಾರದ್ದು ಒಂದು ದಿನದ ಬಣ್ಣವನ್ನು. ಮೀನನ್ನು ಗುರುತಿಸಬೇಕಾದರೆ ನಿನ್ನೆ ಅದು ಹೇಗಿತ್ತು, ಮೊನ್ನೆ ಹೇಗಿತ್ತು ಎಂದು ಬಲ್ಲವರನ್ನು ಕೇಳಬೇಕು. ನಮ್ಮ ಮನೆಯಲ್ಲಿ ಹಾಗೆ ಬಲ್ಲವಳು ಒಬ್ಬಳೇ ಇದ್ದಳು. ನಾನು ದಿನಕ್ಕೆ ಐದು ನಿಮಿಷ, ಅದೂ ರಾತ್ರಿ, ನೋಡುತ್ತಿದ್ದವನು. ಅವಳು ದಿನವಿಡೀ ನೋಡುತ್ತಿದ್ದಳು. ಆದರೂ ಮರೆವು ಅವಳದ್ದೆಂದು ಮೊದಲೇ ತೀರ್ಮಾನಿಸಿದ್ದರಿಂದ, ತಪ್ಪೂ ಅವಳದ್ದೇ ಎಂದುಕೊಂಡಿದ್ದೆ.

ಮರುದಿನ ಕಚೇರಿಗೆ ಹೊರಡುವ ಮೊದಲು ಸ್ಟೇಷನ್ನಿನ ಬಳಿಯ ಅಂಗಡಿಗೆ ಫೋನ್ ಮಾಡಿದೆ. ಮೀನು ಎಂದೋ ಮಾರಿಹೋಗಿತ್ತು. ಅಮ್ಮನ ಪಕ್ಕದಲ್ಲಿ ಕುಳಿತು, "ಅಮ್ಮ, ನೀನು ಹೇಳಿದ್ದೇ ಸರಿ. ಅದು ನೀಲಿಯದ್ದೇ" ಎಂದೆ.

"ಯಾವುದು?" ಎಂದಳು.

ಅವಳಿಗೆ ನೆನಪಿರಲಿಲ್ಲ. ನಾನು ಬಲೆ ಇಳಿಸಿದ್ದು, ಅವಳು ಬೇಡವೆಂದದ್ದು, ಯಾವುದೂ ಇರಲಿಲ್ಲ. ಕ್ಷಮೆ ಕೇಳುವ ಹೊತ್ತು ಆ ಹತ್ತು ದಿನಗಳಲ್ಲಿ ಮೀರಿಹೋಗಿತ್ತು.

ಮಾತು ಮುಂದುವರಿಸಲೆಂದು ರಾತ್ರಿ ಓದಿದ್ದರಲ್ಲಿ ಇನ್ನೊಂದನ್ನು ಹೇಳಿದೆ. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ. ಒಂದು ಮಲಯಾಳಿಗಳ ಕರಿಮೀನು. ಇನ್ನೊಂದು ಅದರ ಪುಟ್ಟ ಸಂಬಂಧಿ. ಮೂರನೆಯದು ನಮ್ಮ ಸೀಮೆಯ ಹೊಳೆಗಳದ್ದು. 1877ರಲ್ಲಿ ಫ್ರಾನ್ಸಿಸ್ ಡೇ ಅದಕ್ಕಿಟ್ಟ ಹೆಸರು ಎಟ್ರೋಪ್ಲಸ್ ಕೆನರೆನ್ಸಿಸ್, ಅಂದರೆ ಕೆನರಾದ ಮೀನು.

ಅಮ್ಮ ತೊಟ್ಟಿಯಿಂದ ಕಣ್ಣು ತೆಗೆಯದೆ, "ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಕಾಲಿಗೆ ಬಂದು ಕುಟ್ಟುವ ಮೀನು ಉಂಟಲ್ಲ, ಅದಾ?" ಎಂದು ಕೇಳಿದಳು.

ಅದು ಅದಲ್ಲದಿರಬಹುದು. ಆದರೆ "ಸರಿ" ಎಂದು ಏಳಲು ಈ ಸಲ ಮನಸ್ಸು ಬರಲಿಲ್ಲ. "ಹೇಗಿತ್ತು ಅದು? ಬಣ್ಣ ಯಾವುದು?" ಎಂದೆ.

"ಯಾವಾಗಿನದ್ದು ಹೇಳಲಿ? ಮಳೆಗಾಲದ್ದಾ, ಬೇಸಗೆಯದ್ದಾ?" ಎಂದಳು ಅಮ್ಮ.

ಅಂದು ನನಗೆ ಲೋಕಲ್ ತಪ್ಪಿತು.